ಉದ್ದ ಕಿವಿಯ ಪ್ರಜೆಗಳು

ಫೆಬ್ರವರಿ 9

ಪೂಜ್ಯ ಅತ್ತಿಗೆಯವರ ಪಾದಗಳಿಗೆ,

ಬೀಳಲಿ ಪರದೆ, ಆರಲಿ ದೀಪ, ಇನ್ನು ಯಾವ ಆಟವೂ ಬೇಡ ಎಂದು ನನ್ನ ಹೃದಯ ಕೂಗುತ್ತಿದೆ. ಅಣ್ಣ ಹೋದ. ನನ್ನ ಬಲಗೈ ಹೋಯಿತು, ನನ್ನ ಬಾಲ್ಯ ಹೋಯಿತು, ನಿಮ್ಮ ಹೊಲದ ಸಮಸ್ತ ಮೊಲಗಳೂ ಗೌಜಲ ಹಕ್ಕಿಗಳೂ ಒಂದೇ ದಿನದಲ್ಲಿ ತಬ್ಬಲಿಯಾದವು. ಮೂವತ್ತೆಂಟು ವರ್ಷ ರಂಗದ ಮೇಲೆ ಸಾವಿರ ಸಲ ಸತ್ತಿದ್ದೇನೆ, ಸತ್ತವರಿಗಾಗಿ ಸಾವಿರ ಸಲ ಎದೆ ಬಡಿದುಕೊಂಡಿದ್ದೇನೆ. ಆದರೆ ಈ ಕಾಗದದ ಮುಂದೆ ಕುಳಿತರೆ ಒಂದೇ ಒಂದು ಮಾತೂ ನಾಲಿಗೆಗೆ ಬರುತ್ತಿಲ್ಲ.

ಕೊನೆಯ ದಿನ ನಾನು ಬರಲಿಲ್ಲ. ನಮ್ಮ ನಾಟಕ ಕಂಪನಿ ಪ್ರವಾಸದಲ್ಲಿತ್ತು. ಸುದ್ದಿ ನನ್ನನ್ನು ಹುಡುಕಿಕೊಂಡು ಊರಿಂದೂರಿಗೆ ಅಲೆದು, ಮೂರು ದಿನ ತಡವಾಗಿ ಬಂದು ಮುಟ್ಟಿತು. ಕೇಳಿದವನೇ ಕುಸಿದುಬಿದ್ದೆ. ಆಮೇಲೆ ನಿಮಗೆ ಐದು ಸಲ ಫೋನು ಮಾಡಿದೆ. ನೀವು ಎತ್ತಲಿಲ್ಲ.

ಕಣ್ಣು ಮುಚ್ಚಿದರೆ ಆ ಹಳೆಯ ಹುಲ್ಲಿನ ಕೊಟ್ಟಿಗೆ ಕಾಣುತ್ತದೆ. ನಾನು ಹತ್ತು ವರ್ಷದ ಚಕ್ರವರ್ತಿ. ಮೈಮೇಲೆ ಗೋಣಿಚೀಲದ ನಿಲುವಂಗಿ, ತಲೆಯ ಮೇಲೆ ತಗಡಿನ ಕಿರೀಟ. ಅಣ್ಣನಿಗೆ ಹದಿನೆಂಟು. ಯಾವುದೋ ಕಂಪನಿ ಬಿಸಾಡಿದ್ದ ಕೆಂಪು ಪರದೆಯನ್ನು ತೊಲೆಗೆ ಕಟ್ಟಿ, ಹಗ್ಗ ಹಿಡಿದು ಮೂಲೆಯಲ್ಲಿ ನಿಂತು, "ಎಳೀಲೇನೋ ಮಹಾರಾಜ?" ಎನ್ನುತ್ತಿದ್ದ. ಒಂದು ದಿನ ನಾನು ಕತ್ತಿ ಎತ್ತಿ ಶತ್ರುಗಳ ಮೇಲೆ ಗರ್ಜಿಸುತ್ತಿದ್ದಾಗ ಇಡೀ ಪರದೆ ಧೊಪ್ಪನೆ ನನ್ನ ತಲೆಯ ಮೇಲೆ ಬಿತ್ತು. ಒದ್ದಾಡಿ ಹೊರಗೆ ಬಂದು ನೋಡಿದರೆ ಅಣ್ಣ ಹಗ್ಗ ಬಿಟ್ಟು ನೆಲದ ಮೇಲೆ ಬೋರಲು ಮಲಗಿದ್ದಾನೆ. ಗೌಜಲ ತಾಯೊಂದು ಎಂಟು ಮರಿ ಕಟ್ಟಿಕೊಂಡು ಕೊಟ್ಟಿಗೆ ದಾಟುತ್ತಿತ್ತು. "ಶ್, ಮಹಾರಾಜ, ಮೆರವಣಿಗೆ ಹೋಗ್ತಿದೆ, ಬಾಯಿ ಮುಚ್ಚು" ಎಂದ. ಚಕ್ರವರ್ತಿಯ ಬಾಯಿ ಮುಚ್ಚಿಸಿದ ಏಕೈಕ ಮನುಷ್ಯ ಅವನು.

ನಮ್ಮಿಬ್ಬರ ನಡುವೆ ಹನ್ನೊಂದು ವರ್ಷ ಮಾತಿರಲಿಲ್ಲ, ನಿಜ. ಅದಕ್ಕೆ ಕಾರಣವಾದ ಆ ಹತ್ತು ನಿಮಿಷವನ್ನು ಈಗ ಕೆದಕುವುದು ಬೇಡ. ನಾನು ನಿಶ್ಚಯಿಸಿದ್ದೇನೆ ಅತ್ತಿಗೆ. ನಗರದ ದೊಡ್ಡ ಸಭಾಂಗಣದಲ್ಲಿ, ಸಾವಿರ ಜನರ ಎದುರು, ಅಣ್ಣನ ನೆನಪಿಗೆ ಒಂದು ಮಹಾಪ್ರದರ್ಶನ. ಮೊಲಗಳನ್ನು ಕಾದವನ ಕಥೆ ಕೇಳಿ ಕಲ್ಲುಗಳೂ ಕಣ್ಣೀರಿಡಬೇಕು.

ದುಃಖಸಾಗರದ ನಡುವಿನಿಂದ,
ನಿಮ್ಮ ಮೈದುನ


ಫೆಬ್ರವರಿ 26

ಮೈದುನನವರಿಗೆ,

ನಿಮ್ಮ ಕಾಗದ ಬಂತು. ಒಂದು ಮಾತೂ ಬರುತ್ತಿಲ್ಲ ಎಂದು ಬರೆದು ಎರಡು ಹಾಳೆ ತುಂಬಿಸಿದ್ದೀರಿ. ಓದಿದೆ.

ಫೋನು ಎತ್ತದಿದ್ದದ್ದು ಬೇಕೆಂದೇ. ನಿಮ್ಮ ಧ್ವನಿ ಕೇಳಿದರೆ ಎಂಥವರೂ ಕರಗುತ್ತಾರೆ, ನಾನೂ ಕರಗುತ್ತೇನೆ. ಕಾಗದಕ್ಕೆ ಧ್ವನಿ ಇರುವುದಿಲ್ಲ. ಹೀಗೇ ಬರೆಯಿರಿ.

ಸುದ್ದಿ ಮೂರು ದಿನ ತಡವಾಯಿತು ಎಂದಿದ್ದೀರಿ. ಬೆಳಿಗ್ಗೆ ಎದೆ ಬಿಗಿಯುತ್ತದೆ ಎಂದರು, ಮಧ್ಯಾಹ್ನ ಎರಡಕ್ಕೆ ಹೋದರು. ನಾಲ್ಕಕ್ಕೆ ನಾನೇ ನಿಮ್ಮ ಕಂಪನಿಯ ಟಿಕೆಟ್ ಕಿಟಕಿಗೆ ಫೋನು ಮಾಡಿದ್ದೆ. ಗುಮಾಸ್ತ ಒಳಗೆ ಹೋಗಿ ಬಂದು, "ಹೇಳ್ದೆ ಅಮ್ಮ. ಬಣ್ಣ ಹಚ್ಕೊಳ್ತಿದ್ರು. ಕೇಳಿಸ್ಕೊಂಡು ತಲೆ ಆಡಿಸಿದ್ರು" ಎಂದ. ಜಗಳಕ್ಕೆ ಬರೆಯುತ್ತಿಲ್ಲ. ನನಗೆ ಗೊತ್ತು ಎನ್ನುವುದು ನಿಮಗೆ ಗೊತ್ತಿರಲಿ.

ಸಭಾಂಗಣದ ವಿಷಯ ನನಗೆ ತಿಳಿಯದು. ನನಗೆ ಬೇಕಾದದ್ದು ಬೇರೆ.

ಹೊಲದಲ್ಲಿ ಗೋಧಿ ನಿಂತಿದೆ. ಅವರೇ ಬಿತ್ತಿದ್ದು. ಏಪ್ರಿಲ್ ನಡುವಿಗೆ ಕಟಾವು. ಎಲ್ಲರ ಹೊಲದಲ್ಲೂ ಮಷಿನ್ನು ಅಂಚಿನಿಂದ ಸುತ್ತುತ್ತ ನಡುವಿಗೆ ಕೊಯ್ಯುತ್ತದೆ. ಪೈರಿನೊಳಗಿದ್ದ ಮೊಲ, ಹಕ್ಕಿ ಎಲ್ಲ ಸದ್ದಿಗೆ ಹೆದರಿ ನಡುವಿಗೆ ಸರಿಯುತ್ತವೆ. ಕೊನೆಯ ಸುತ್ತಿಗೆ ಅವಕ್ಕೆ ಓಡಲು ಜಾಗವೇ ಇರುವುದಿಲ್ಲ. ನಿಮ್ಮ ಅಣ್ಣ ಮಷಿನ್ನನ್ನು ನೇರ ನಡುವಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಅಂಚಿಗೆ ಕೊಯ್ಯಿಸುತ್ತಿದ್ದರು. ತಾವು ಮುಂದೆ ಕೂಗುತ್ತ ನಡೆಯುತ್ತಿದ್ದರು. ದೊಡ್ಡವು ಎದ್ದು ಬೇಲಿಗೆ ಓಡುತ್ತಿದ್ದವು. ಮುದುಡಿ ಕುಳಿತ ಮರಿಗಳನ್ನು ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಒಂದು ದಿನದ ಕೆಲಸಕ್ಕೆ ಒಂದೂವರೆ ದಿನ. ಊರೆಲ್ಲ ನಗುತ್ತಿತ್ತು. ನಿಮಗೆ ಗೊತ್ತಿರುವುದೇ.

ಹದಿನಾಲ್ಕು ವರ್ಷದಿಂದ ಬರುವ ಮಷಿನ್ ಚಾಲಕನನ್ನು ಕರೆದು ಕೇಳಿದೆ. ತಲೆ ಕೆರೆದುಕೊಂಡ. "ಅಕ್ಕ, ಯಜಮಾನ್ರು ಮುಂದೆ ನಡೀತಿದ್ರು, ನಾನು ಹಿಂದೆ ಓಡಿಸ್ತಿದ್ದೆ. ಮುಂದೆ ಯಾರೂ ಇಲ್ದೆ ನಡುವಿಂದ ಕೊಯ್ದು ಏನು ಬಂತು? ಕೂಗೋರು ಸಿಕ್ಕಿದ್ರೆ ಹೇಳಿ. ಇಲ್ಲ ಅಂದ್ರೆ ಎಲ್ಲರ ಹಾಗೆ ಕೊಯ್ದು ಹೋಗ್ತೀನಿ" ಎಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಮೊಣಕಾಲು ನಿಮಗೆ ಗೊತ್ತು. ನನ್ನ ಧ್ವನಿ ಅಡುಗೆಮನೆಯಿಂದ ಹಜಾರಕ್ಕೆ ಕೇಳಿಸದು. ನಿಮ್ಮ ಮನೆತನದ ಗಂಟಲು ಈಗ ಉಳಿದಿರುವುದು ನಿಮಗೊಬ್ಬರಿಗೇ.

ಬಂದು ಮಷಿನ್ನಿನ ಮುಂದೆ ನಡೆಯುತ್ತೀರಾ? ಅಳಬೇಕಾಗಿಲ್ಲ. ನಡೆದು ಕೂಗಿದರೆ ಸಾಕು.

ಅತ್ತಿಗೆ


ಮಾರ್ಚ್ 8

ಅತ್ತಿಗೆ,

"ನೀವು" ಎಂದು ಬರೆದಿದ್ದೀರಿ. ಹದಿಮೂರು ವರ್ಷದ ನನ್ನನ್ನು ಹಿತ್ತಲ ಕಲ್ಲಿನ ಮೇಲೆ ಕೂರಿಸಿ ಮುಖದ ಬಣ್ಣ ತಿಕ್ಕಿ ತೊಳೆದವರು ನೀವು. ಕಿವಿ ಹಿಂಡಿದ್ದೀರಿ, ಕತ್ತೆ ಎಂದು ಬೈದಿದ್ದೀರಿ. "ನೀವು" ಎಂದಿರಲಿಲ್ಲ.

ಹೌದು, ಸುಳ್ಳು ಬರೆದೆ. ಗುಮಾಸ್ತ ಬಂದಾಗ ನನ್ನ ಅರ್ಧ ಮುಖ ಹಸಿರಾಗಿತ್ತು. ಆ ದಿನ ನಾನು ರಾಕ್ಷಸ. ತಲೆ ಆಡಿಸಿ ಉಳಿದರ್ಧಕ್ಕೂ ಹಚ್ಚಿಕೊಂಡೆ. ಎದ್ದು ಬಸ್ಸು ಹತ್ತಿದ್ದರೆ ಮೂರು ಗಂಟೆಯ ದಾರಿ. ಟಿಕೆಟ್ ತೆಗೆದುಕೊಂಡವರಿಗೆ ಮೋಸವಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅಣ್ಣನ ಮುಖ ನೋಡುವ ಧೈರ್ಯವಿರಲಿಲ್ಲ. ಬದುಕಿದ್ದಾಗಲೇ ಇಲ್ಲದ ಧೈರ್ಯ ಆಗ ಎಲ್ಲಿಂದ ಬರಬೇಕು? ಆ ಸಂಜೆ ನನ್ನ ಅಟ್ಟಹಾಸಕ್ಕೆ ಹಿಂದಿನ ಸಾಲಿನವರೂ ಬೆಚ್ಚಿದರಂತೆ. ಮ್ಯಾನೇಜರ್ ಬೆನ್ನು ತಟ್ಟಿದ.

ಸುಳ್ಳು ಹೊರಬಿದ್ದ ಮೇಲೆ ಆ ಹತ್ತು ನಿಮಿಷವೂ ಹೊರಬರಲಿ. ನೀವು ಎದುರಿನಿಂದ ನೋಡಿದ್ದೀರಿ. ಇದು ರಂಗದ ಮೇಲಿಂದ ಕಂಡದ್ದು.

ಹನ್ನೊಂದು ವರ್ಷದ ಹಿಂದಿನ ಆ ಸಂಜೆ ನಿಮ್ಮಿಬ್ಬರಿಗೂ ಮೂರನೆಯ ಸಾಲಿನ ಪಾಸು ಕೊಟ್ಟು ಕರೆಸಿದವನು ನಾನೇ. ನನ್ನ ರಾಜವೇಷ ನೋಡಲಿ ಎಂದು. ಪರದೆ ಏಳಲು ಹತ್ತು ನಿಮಿಷವಿದ್ದಾಗ ಮಂತ್ರಿಯ ಪಾತ್ರದವನಿಗೆ ಹೊಟ್ಟೆ ಕೆಟ್ಟು, ಅವನು ಹೊರಗೆ ಹೋದವನು ಬರಲೇ ಇಲ್ಲ. ಜನ ಸಿಳ್ಳೆ ಹಾಕಲು ಶುರುಮಾಡಿದರು. ಮ್ಯಾನೇಜರ್ ನನ್ನ ಕೈ ಹಿಡಿದು, "ಏನಾದ್ರೂ ಮಾಡಯ್ಯ, ಹತ್ತು ನಿಮಿಷ ನಗಿಸು" ಎಂದ. ಏನಾದರೂ ಎಂದರೆ ನನಗೆ ಹೊಳೆದದ್ದು ಏನು? ಅಣ್ಣ. ಕಾವಲುಗಾರನ ರಬ್ಬರ್ ಬೂಟು ಹಾಕಿಕೊಂಡೆ, ತೋಳಿಗೆ ಬುಟ್ಟಿ ಸಿಕ್ಕಿಸಿಕೊಂಡೆ, ಅಣ್ಣನ ಹಾಗೇ ಎಡಭುಜ ಇಳಿಬಿಟ್ಟು ಹೆಜ್ಜೆ ಎಣಿಸುತ್ತ ರಂಗಕ್ಕೆ ನಡೆದೆ. ಒಬ್ಬ ಹುಡುಗಿಯ ಕೈಗೆ ಗಿಲಕಿ ಕೊಟ್ಟು ಮಷಿನ್ನಿನ ಸದ್ದು ಮಾಡಿಸಿದೆ. ಆಮೇಲೆ ಎರಡೂ ಕೈ ಎತ್ತಿ ಕೂಗಿದೆ:

"ಏಳಿ, ನನ್ನ ಉದ್ದ ಕಿವಿಯ ಪ್ರಜೆಗಳೇ! ಕಬ್ಬಿಣದ ರಾಕ್ಷಸ ಹಲ್ಲು ಮಸೆಯುತ್ತ ಬರುತ್ತಿದ್ದಾನೆ. ಹೆದರಬೇಡಿ, ನಿಮ್ಮ ಮಹಾರಾಜ ಬಂದಿದ್ದೇನೆ. ಬಾಣಂತಿಯರು, ಮಕ್ಕಳು ಮೊದಲು ಬೇಲಿ ಸೇರಲಿ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ರುಚಿ ಹತ್ತಿದ ನಟ ನಿಲ್ಲುವುದುಂಟೆ? ಮೊಲಗಳಿಗೆ ಸಂಬಳ ಹಂಚಿದೆ, ಗೌಜಲ ಹಕ್ಕಿಯ ನ್ಯಾಯ ತೀರ್ಮಾನ ಮಾಡಿದೆ, "ಮೊಲದಪ್ಪ" ಎಂದು ನನಗೆ ನಾನೇ ಬಿರುದು ಕೊಟ್ಟುಕೊಂಡೆ. ಆಗ ಮೂರನೆಯ ಸಾಲಿನ ಕಡೆ ಕಣ್ಣು ಹೋಯಿತು. ನೀವು ತಲೆ ತಗ್ಗಿಸಿದ್ದಿರಿ. ಅಣ್ಣ ನಗುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. ಹುಲ್ಲಿನಲ್ಲಿ ಹಕ್ಕಿ ಕಂಡಾಗ, ಅಲ್ಲಾಡಿದರೆ ಎಲ್ಲಿ ಹಾರಿಹೋಗುತ್ತದೋ ಎಂದು ಉಸಿರು ಹಿಡಿದು ನೋಡುತ್ತಿದ್ದನಲ್ಲ, ಹಾಗೆ ನನ್ನನ್ನೇ ನೋಡುತ್ತಿದ್ದ.

ಆಟ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಕಾದೆ. ನೀವು ಬರಲಿಲ್ಲ. ಕಿಟಕಿಯಿಂದ ನೋಡಿದರೆ ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಇಬ್ಬರೂ ನಿಂತಿದ್ದಿರಿ. ಬಸ್ಸು ಬರಲು ಕಾಲು ಗಂಟೆ ಹಿಡಿಯಿತು. ರಸ್ತೆ ದಾಟಲು ಇಪ್ಪತ್ತು ಹೆಜ್ಜೆ ಸಾಕಿತ್ತು. ನಾನು ಕಿಟಕಿಯ ಬಳಿಯೇ ನಿಂತಿದ್ದೆ. ಆಮೇಲೆ ಜನ ಕೇಳಿದರೆಂದು ಆ ಹಾಸ್ಯವನ್ನು ಇಡೀ ವರ್ಷ ಆಡಿದೆ. ಬಿರುದು ನನಗಿಂತ ಮೊದಲೇ ನಿಮ್ಮ ಊರು ಮುಟ್ಟಿತು.

ಬರುತ್ತೇನೆ ಅತ್ತಿಗೆ. ದಿನ ತಿಳಿಸಿ. ಗುಡುಗು ಬರಲಿ, ಸಿಡಿಲು ಬರಲಿ, ಈ ಗಂಟಲು ಹರಿದುಹೋಗುವವರೆಗೆ ಕೂಗುತ್ತೇನೆ.

ತಪ್ಪೊಪ್ಪಿಕೊಂಡ,
ನಿಮ್ಮ ಮೈದುನ


ಮಾರ್ಚ್ 30

ಮೈದುನನಿಗೆ,

ಕತ್ತೆ ಎಂದು ಶುರುಮಾಡಲು ಕೈ ಬಂದಿತ್ತು. ಎದುರಿಗೆ ಸಿಕ್ಕಾಗ ಬೈಯೋಣವೆಂದು ಉಳಿಸಿಕೊಂಡಿದ್ದೇನೆ.

ಏಪ್ರಿಲ್ ಹದಿನೇಳು. ಇಬ್ಬನಿ ಆರಿದ ಮೇಲೆ, ಎಂಟು ಗಂಟೆಗೆ. ನನ್ನ ಮೈದುನ ಮುಂದೆ ನಡೆಯುತ್ತಾನೆ ಎಂದಾಗ ಚಾಲಕ ಬೆರಗಾಗಿ, "ನಾಟಕದೋರಾ? ಅವರು ಬರ್ತಾರಾ?" ಎಂದ. ಬರುತ್ತಾನೆ ಎಂದೆ. ಹಾಗಾದರೆ ನಡುವಿನಿಂದಲೇ ಕೊಯ್ಯುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ.

ಹಾಲಿನವನು ದಿನಾ ಬುದ್ಧಿ ಹೇಳುತ್ತಾನೆ. ಮೊಲದಪ್ಪ ಹೋದರು, ಇನ್ನಾದರೂ ಎಲ್ಲರ ಹಾಗೆ ಕೊಯ್ಯಿಸಿ ಎಂದು. ಅವನು ಆ ಹೆಸರನ್ನು ಬೈಗುಳಕ್ಕೆ ಹೇಳುವುದಿಲ್ಲ. ಊರಿನಲ್ಲಿ ಅರ್ಧ ಜನಕ್ಕೆ ನಿನ್ನ ಅಣ್ಣನ ಬೇರೆ ಹೆಸರೇ ಗೊತ್ತಿರಲಿಲ್ಲ. ಮೊದಲ ವರ್ಷ ನನಗೆ ಮೈ ಉರಿಯುತ್ತಿತ್ತು. ಅವರು ಮಾತ್ರ ಕರೆದರೆ ಓ ಎನ್ನುತ್ತಿದ್ದರು.

ಗೌಜಲ ಗೂಡು ಹುಡುಕಿ ಗುರುತಿನ ಕೋಲು ನೆಡುತ್ತಿದ್ದೇನೆ. ಅವರಿಗೆ ಒಂದು ಬೆಳಿಗ್ಗೆಯ ಕೆಲಸ, ನನಗೆ ಒಂದು ವಾರ ಹಿಡಿಯಿತು. ನಾಲ್ಕು ಸಿಕ್ಕಿವೆ. ಕೋಲಿನ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಮಷಿನ್ನಿನವನು ಅಷ್ಟು ಜಾಗ ಬಿಟ್ಟು ಕೊಯ್ಯುತ್ತಾನೆ. ಆ ಬಟ್ಟೆ ಯಾವುದು ಎಂದು ನೀನು ಬಂದಾಗ ಕೇಳುತ್ತೀಯ, ಈಗಲೇ ಹೇಳಿಬಿಡುತ್ತೇನೆ. ಕೊಟ್ಟಿಗೆಯ ಪರದೆ. ನಿನ್ನ ಆ ಆಟ ನೋಡಿ ಬಂದ ವರ್ಷವೇ ಇಳಿಸಿ ಪಟ್ಟಿ ಪಟ್ಟಿ ಹರಿದರು. ಸಿಟ್ಟಿಗೆ ಹರಿದರು ಎಂದು ನಾನು ಅಂದುಕೊಂಡೆ. ಕೇಳಿದ್ದಕ್ಕೆ, "ಇದರ ಬಣ್ಣ ಬಿಸಿಲಿಗೆ ಹೋಗಲ್ಲ" ಎಂದರು. ಅಷ್ಟೇ.

ಅವರ ಬೂಟು ಒಣಗಿಸಿಟ್ಟಿದ್ದೇನೆ. ನಿನ್ನ ಕಾಲು ಒಂದು ಅಳತೆ ದೊಡ್ಡದು. ಬಿಗಿಯಾಗುತ್ತದೆ, ತಡೆದುಕೋ.

ಅತ್ತಿಗೆ


ಏಪ್ರಿಲ್ 13

ಅತ್ತಿಗೆ,

ಅಂಚೆಗೆ ಹಾಕಿದರೆ ತಡವಾದೀತೆಂದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದುವ ಮೊದಲೇ ಸಿಟ್ಟಾಗಬೇಡಿ.

ಸಭಾಂಗಣ ಸಿಕ್ಕಿತು. ಆದರೆ ವಿಧಿಯ ಆಟ ನೋಡಿ, ಖಾಲಿ ಇರುವುದು ಹದಿನೇಳು ಮಾತ್ರ. ಅದು ಬಿಟ್ಟರೆ ಮುಂದಿನ ಮಳೆಗಾಲ. ಗೋಡೆಗಳ ಮೇಲೆಲ್ಲ ಅಣ್ಣನ ಚಿತ್ರ ಅಂಟಿಸಿದ್ದಾರೆ, ಆಳೆತ್ತರದ ಚಿತ್ರ. ಜೀವಮಾನದಲ್ಲಿ ಹೊಲದ ಬೇಲಿ ದಾಟಲು ಒಲ್ಲೆನೆನ್ನುತ್ತಿದ್ದವನು ಈಗ ಮೂರು ಬೀದಿಗಳಲ್ಲಿ ನಿಂತಿದ್ದಾನೆ. ಈ ಸಲ ಹಾಸ್ಯವಲ್ಲ. ಅದೇ ನಡಿಗೆ, ಅದೇ ಮಾತು, ಆದರೆ ಜನ ಅಳುವ ಹಾಗೆ ಆಡುತ್ತೇನೆ. ರಂಗದ ತುಂಬ ನಿಜದ ಗೋಧಿ ತೆನೆ ನಿಲ್ಲಿಸುತ್ತೇವೆ. ಹನ್ನೆರಡು ಮೊಲಗಳನ್ನು ಹತ್ತಿಯಲ್ಲಿ ಮಾಡಿಸಿದ್ದೇನೆ, ಹಗ್ಗ ಎಳೆದರೆ ಕಿವಿ ಅಲ್ಲಾಡುತ್ತವೆ. ಅಂದು ಸಾವಿರ ಜನರ ಮುಂದೆ ಮಾಡಿದ ತಪ್ಪನ್ನು ಸಾವಿರ ಜನರ ಮುಂದೆಯೇ ತೊಳೆದುಕೊಳ್ಳಬೇಡವೇ? ಹೊಲದಲ್ಲಿ ನನ್ನನ್ನು ಯಾರು ನೋಡುತ್ತಾರೆ?

ನಾಲ್ಕು ದಿನ, ನಾಲ್ಕೇ ದಿನ ಮುಂದೆ ಹಾಕಿ. ಇಪ್ಪತ್ತೊಂದಕ್ಕೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಿಳಿಯುತ್ತೇನೆ. ಇಷ್ಟು ದಿನ ನಿಂತ ಗೋಧಿ ಇನ್ನು ನಾಲ್ಕು ದಿನ ನಿಲ್ಲಲಾರದೇ?

ಅವಸರದಲ್ಲಿ,
ನಿಮ್ಮ ಮೈದುನ


ಏಪ್ರಿಲ್ 29

ಮೈದುನನಿಗೆ,

ನಿನ್ನ ಚೀಟಿ ಹದಿನಾರಕ್ಕೆ ಸಿಕ್ಕಿತು. ಕಂಡಕ್ಟರ್ ಎರಡು ದಿನ ಜೇಬಿನಲ್ಲೇ ಇಟ್ಟುಕೊಂಡು ಮರೆತಿದ್ದನಂತೆ. ಅವನನ್ನು ಬೈಯಲಿಲ್ಲ.

ಗೋಧಿ ನಿಲ್ಲಲಾರದು. ನೀನು ಹೊಲದಲ್ಲಿ ಹುಟ್ಟಿದವನು, ನಿನಗೆ ಗೊತ್ತಿತ್ತು. ಹದಿನಾರಕ್ಕೇ ಆಕಾಶ ಕಪ್ಪಾಗಿತ್ತು. ಹದಿನೆಂಟಕ್ಕೆ ಮಳೆ ಸುರಿಯಿತು, ಪಕ್ಕದ ಹೊಲದಲ್ಲಿ ಉಳಿದಿದ್ದದ್ದು ಮಲಗಿಬಿಟ್ಟಿತು. ಮಷಿನ್ನು ನಮ್ಮದಾದ ಮೇಲೆ ಇನ್ನೂ ಆರು ಹೊಲಕ್ಕೆ ಹೋಗಬೇಕಿತ್ತು. ನಾನೇ ಬೂಟು ಹಾಕಿಕೊಂಡೆ. ಮುಂದಕ್ಕೆ ಬಟ್ಟೆ ತುರುಕಿದೆ.

ಚಾಲಕ ಮಾತಿಗೆ ತಪ್ಪದೆ ಮಷಿನ್ನನ್ನು ನಡುವಿಗೆ ತಂದು ನಿಲ್ಲಿಸಿದ. ನಾನು ಮುಂದೆ ನಡೆದೆ. ಎದೆಯೆತ್ತರದ ಪೈರು, ಒಳಗೆ ಬಿಸಿ, ಕಾಲ ಕೆಳಗೆ ಏನೂ ಕಾಣದು. ಕೂಗಿದೆ. ಹೋ ಎಂದೆ, ಹೇ ಎಂದೆ, ಚಪ್ಪಾಳೆ ತಟ್ಟಿದೆ. ನನ್ನ ಸದ್ದು ನನಗೇ ಕೇಳಿಸಲಿಲ್ಲ. ದೊಡ್ಡ ಮೊಲಗಳು ಎರಡೋ ಮೂರೋ ಎದ್ದವು. ಮರಿಗಳು ಏಳುವುದಿಲ್ಲ, ಹೆದರಿದಷ್ಟೂ ನೆಲಕ್ಕೆ ಅಂಟುತ್ತವೆ. ಅವರ ಕೂಗಿಗೆ ಅವೂ ಕದಲುತ್ತಿದ್ದವು, ತೆನೆ ಅಲ್ಲಾಡಿದ ಕಡೆ ಅವರು ಬಗ್ಗಿ ಎತ್ತುತ್ತಿದ್ದರು. ನನಗೆ ತೆನೆ ಅಲ್ಲಾಡಿದ್ದೇ ಕಾಣಲಿಲ್ಲ.

ನಾಲ್ಕನೆಯ ಮರಿಯೂ ಮಷಿನ್ನಿಗೆ ಸಿಕ್ಕಾಗ ಚಾಲಕ ನಿಲ್ಲಿಸಿ ಕೆಳಗಿಳಿದ. ಬೀಡಿ ಹಚ್ಚಲು ಹೋಗಿ ಹಚ್ಚಲಿಲ್ಲ. "ಅಕ್ಕ, ಯಜಮಾನ್ರು ಅದೇನೋ ಕೂಗ್ತಿದ್ರಲ್ಲ, ಅದನ್ನ ಕೂಗಿ. ಅದಕ್ಕೆ ಇವು ಏಳ್ತವೆ" ಎಂದ. ನನಗೆ ಮೊದಲ ಸಾಲು ಬಿಟ್ಟು ಮುಂದಿನದು ಬರುವುದಿಲ್ಲ ಎಂದೆ. ನೀನೇ ಕೂಗು ಎಂದೆ. "ನಂಗೆ ನಾಚ್ಕೆ ಆಗುತ್ತೆ ಅಕ್ಕ" ಎಂದು ನೆಲ ನೋಡಿದ.

ಏನು ಕೂಗುತ್ತಿದ್ದರು ಎಂದು ನಿನಗೆ ನಾನು ಬರೆದಿರಲಿಲ್ಲ. ನೀನು ಬಂದರೆ ಚಾಲಕನ ಬಾಯಿಂದಲೇ ಕೇಳಿಸಿಕೊಳ್ಳಲಿ ಎಂದುಕೊಂಡಿದ್ದೆ. ಏಳಿ, ನನ್ನ ಉದ್ದ ಕಿವಿಯ ಪ್ರಜೆಗಳೇ. ಹೀಗೇ ಶುರುವಾಗುತ್ತಿತ್ತು. ನಿನ್ನದೇ ಮಾತು. ಹನ್ನೊಂದು ವರ್ಷ, ಪ್ರತಿ ಕಟಾವಿನಲ್ಲೂ, ಪ್ರತಿ ಸುತ್ತಿಗೂ. ನಾನು ಬೇಲಿಯ ಹತ್ತಿರ ಬುಟ್ಟಿ ಹಿಡಿದು ನಿಂತಿರುತ್ತಿದ್ದೆ, ಅಲ್ಲಿಗೆ ಅಷ್ಟೇ ಕೇಳಿಸುತ್ತಿತ್ತು.

ಆ ಸಂಜೆ ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಅವರು ಕಿಟಕಿಯಾಚೆ ನೋಡುತ್ತ ಹೇಳಿದ್ದು ಒಂದೇ ಮಾತು. "ಮಾತು ಚೆನ್ನಾಗಿ ಕಟ್ಟಿದ್ದಾನೆ ಕಣೇ. ಹೊಲಕ್ಕೆ ಬರುತ್ತೆ."

ಇದನ್ನು ನಿನಗೆ ಆಗಲೇ ಹೇಳಿಕಳಿಸಬಹುದಿತ್ತು. ನಾನು ಹೇಳಲಿಲ್ಲ. ಪ್ರತಿ ವರ್ಷ ಕಟಾವು ಮುಗಿದ ಮೇಲೆ, ಒಂದು ಚೀಲ ಹೊಸ ಹಿಟ್ಟು ತೆಗೆದುಕೊಂಡು ಹೋಗಿ ಅವನನ್ನು ನೋಡಿಕೊಂಡು ಬರುತ್ತೇನೆ ಎನ್ನುತ್ತಿದ್ದರು. ಮೊದಲು ಅವನು ಬರಲಿ ಎನ್ನುತ್ತಿದ್ದೆ ನಾನು. ಅವರು ಚೀಲವನ್ನು ಮತ್ತೆ ಒಳಗಿಡುತ್ತಿದ್ದರು. ಹನ್ನೊಂದು ಸಲ ಅಂದೆ. ಅವಮಾನ ಆದದ್ದು ಅವರಿಗಲ್ಲ, ನನಗೆ. ಅದನ್ನು ಅವರ ಹೆಸರಿನಲ್ಲಿ ನಾನು ಸಾಕಿದೆ. ನಿನ್ನನ್ನು ಬೈಯಲು ಕೂತರೆ ಇದು ಅಡ್ಡ ಬರುತ್ತದೆ.

ಒಟ್ಟು ಏಳು ಮರಿಗಳು. ಗೂಡು ನಾಲ್ಕೂ ಉಳಿದವು.

ನಿನ್ನ ನಾಟಕ ಚೆನ್ನಾಗಿ ಆಯಿತಂತೆ. ಹಾಲಿನವನು ಪೇಪರಿನಲ್ಲಿ ಚಿತ್ರ ತಂದು ತೋರಿಸಿದ. ಹತ್ತಿಯ ಮೊಲಗಳು ನಿಜದವುಗಳ ಹಾಗೇ ಇದ್ದವು.

ಅತ್ತಿಗೆ


ಜೂನ್ 2

ಅತ್ತಿಗೆ,

ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ನಾನು ಬಹಳ ಚೆನ್ನಾಗಿ ಅಳುತ್ತಿದ್ದೆ.

ಏಳನ್ನೂ ಎಲ್ಲಿ ಹೂತಿರಿ ಎಂದು ತಿಳಿಸಿ.

ಬರುವ ವರ್ಷದ ದಿನ ಕೇಳುವ ಮುಖ ನನಗಿಲ್ಲ. ನೀವಾಗಿ ತಿಳಿಸಿದರೆ ಇಲ್ಲಿಯ ಮ್ಯಾನೇಜರ್‌ಗೆ ಈಗಲೇ ಹೇಳಿಡುತ್ತೇನೆ, ಏಪ್ರಿಲ್‌ನಲ್ಲಿ ನನ್ನನ್ನು ಯಾವ ಪಾತ್ರಕ್ಕೂ ಹಾಕಬೇಡಿ ಎಂದು.

ನಿಮ್ಮ ಮೈದುನ


ಮಾರ್ಚ್ 21

ಮೈದುನನಿಗೆ,

ಉತ್ತರಕ್ಕೆ ಇಷ್ಟು ತಿಂಗಳು ತೆಗೆದುಕೊಂಡೆ. ಬರೆಯುವಂಥದ್ದು ಏನೂ ಇರಲಿಲ್ಲ.

ಬೇಲಿಯ ಮೂಲೆಯಲ್ಲಿ ಹೂತಿದ್ದೇನೆ, ಅವರು ಕೂರುತ್ತಿದ್ದ ಕಲ್ಲಿನ ಪಕ್ಕ. ಚಾಲಕನೇ ಗುಂಡಿ ತೆಗೆದ.

ಈ ಸಲ ಬಿತ್ತಿಸಿದವಳು ನಾನು. ಸಾಲು ಸೊಟ್ಟಗಿವೆ. ತೆನೆ ಮಾತ್ರ ಚೆನ್ನಾಗಿ ತುಂಬಿದೆ. ಕಟಾವು ಏಪ್ರಿಲ್ ಹದಿನಾಲ್ಕಕ್ಕೆ. ನೀನು ಬರಬಹುದು ಎಂದು ಚಾಲಕನಿಗೆ ಹೇಳಿದರೆ, "ಬಂದ್ಮೇಲೆ ನೋಡೋಣ ಬಿಡಿ ಅಕ್ಕ" ಎನ್ನುತ್ತಾನೆ. ನನ್ನದೂ ಅದೇ ಮಾತು.

ಬೂಟು ಬಾಗಿಲ ಹಿಂದೆ ಇದೆ.

ಅತ್ತಿಗೆ


ಏಪ್ರಿಲ್ 19

ಅತ್ತಿಗೆ,

ಬಂದು ತಲುಪಿದೆ. ಹಿಮ್ಮಡಿಯ ಬೊಬ್ಬೆ ಒಡೆದಿದೆ. ಬೂಟು ಬಿಗಿಯಾಗಿಯೇ ಇತ್ತು.

ಹೊರಡುವಾಗ ನೀವು ಒಂದು ಮಾತು ಕೇಳಿದಿರಿ. ಮೊದಲ ಸುತ್ತಿನಲ್ಲಿ ನಾಲ್ಕು ಹೊಲದಾಚೆಗೆ ಕೇಳಿಸುವ ಹಾಗೆ ಕೂಗಿದವನು ಎರಡನೆಯ ಸುತ್ತಿನಲ್ಲಿ ಅಷ್ಟು ಹೊತ್ತು ಯಾಕೆ ಸುಮ್ಮನೆ ನಿಂತುಬಿಟ್ಟೆ, ಮಷಿನ್ನೂ ಯಾಕೆ ನಿಂತಿತ್ತು ಎಂದು. ಗಂಟಲಿಗೆ ಧೂಳು ಹೋಯಿತು ಎಂದೆ. ನಿಮಗೆ ಇನ್ನೊಂದು ಸುಳ್ಳು ಹೇಳಿ ಬಂದೆನಲ್ಲ ಎಂದು ದಾರಿಯುದ್ದಕ್ಕೂ ಚುಚ್ಚುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸುತ್ತಿನಲ್ಲಿ ಅಂದು ರಂಗದ ಮೇಲೆ ಕಟ್ಟಿದ ಹಾಗೇ ಹೇಳಿದೆ. ನಿಮ್ಮ ಮಹಾರಾಜ ಬಂದಿದ್ದೇನೆ ಎಂದು ಎದೆಯುಬ್ಬಿಸಿ ಕೂಗಿದೆ. ಸುತ್ತು ಮುಗಿದು ಮಷಿನ್ನು ತಿರುಗಿಸುವಾಗ ಚಾಲಕ ಅದರ ಸದ್ದು ತಗ್ಗಿಸಿ, ಮೇಲಿನಿಂದ ಬಗ್ಗಿ, "ಅದು ಹಾಗಲ್ಲ ಸಾರ್. ಯಜಮಾನ್ರು ಬೇರೆ ಥರ ಹೇಳ್ತಿದ್ರು" ಎಂದ. ನನಗೆ ರೇಗಿತು. ನನ್ನ ಮಾತನ್ನು ನನಗೇ ತಿದ್ದುತ್ತಾನಲ್ಲ ಎಂದು, ಹೇಗೆ ಹೇಳುತ್ತಿದ್ದರೋ ನೀನೇ ಹೇಳಯ್ಯ ಎಂದು ಸವಾಲು ಹಾಕಿದೆ. ಅವನು ಆ ಕಡೆ ಈ ಕಡೆ ನೋಡಿದ. ನೀವು ದೂರದಲ್ಲಿದ್ದಿರಿ. ಸೀಟಿನ ಮೇಲೆ ಎದ್ದು ನಿಂತ, ಎಡಭುಜ ಇಳಿಬಿಟ್ಟ, ಅಣ್ಣನ ಧ್ವನಿಯಲ್ಲೇ ಹೇಳಿದ:

"ಏಳಿ, ನನ್ನ ಉದ್ದ ಕಿವಿಯ ಪ್ರಜೆಗಳೇ. ರಾಕ್ಷಸ ಬರ್ತಿದ್ದಾನೆ. ಮಹಾರಾಜ ಇನ್ನೂ ಬಂದಿಲ್ಲ. ಅವನು ಬರೋವರೆಗೂ ಅವನ ಅಣ್ಣ ಬಂದಿದ್ದೇನೆ. ನಡೀರಿ, ಬೇಲಿಗೆ ನಡೀರಿ."

ಹೇಳಿ ಮುಗಿಸಿ ನಾಚಿಕೊಂಡು ಕುಳಿತ. ಹನ್ನೊಂದು ವರ್ಷವೂ ಹೀಗೇನಾ ಎಂದು ಕೇಳಿದೆ. "ಒಂದಕ್ಷರ ಆಚೆ ಈಚೆ ಇಲ್ಲ ಸಾರ್" ಎಂದ.

ಆ ಹೊತ್ತಿಗೇ ನಾನು ನಿಂತದ್ದು. ಆಮೇಲೆ ಮತ್ತೆ ಕೂಗಿದೆ, ನೀವು ಕೇಳಿದ್ದೀರಿ. ಬುಟ್ಟಿಗೆ ಬಂದ ಒಂಬತ್ತು ಮರಿಗಳನ್ನು ನೀವೇ ಎಣಿಸಿ ಬೇಲಿಯಾಚೆ ಬಿಟ್ಟಿರಿ. ಆದರೆ ಬೇಲಿಯ ಹತ್ತಿರಕ್ಕೆ ಎರಡನೆಯ ಸಾಲು ಕೇಳಿಸುವುದಿಲ್ಲ ಎಂದು ನೀವೇ ಬರೆದಿದ್ದಿರಿ. ಕೊನೆಯ ಸುತ್ತಿನವರೆಗೂ ನಾನು ಹೇಳಿದ್ದು ಅಣ್ಣನ ಮಾತು. ಮಹಾರಾಜ ಇನ್ನೂ ಬಂದಿಲ್ಲ ಎಂದೇ ಕೂಗಿದೆ. ಬಂದಿದ್ದೇನೆ ಎನ್ನಲು ಬಾಯಿ ಏಳಲಿಲ್ಲ.

ಮೊಲಗಳಿಗೆ ಅದೆಲ್ಲ ತಿಳಿಯದು. ಎದ್ದು ಬೇಲಿಗೆ ಓಡಿದವು.

ನಿಮ್ಮ ಮೈದುನ